ಮಾತಾಡುತ್ತಾ ಓಡಿ!

ಓಡೋದು ಅಂದ್ರೆ ಏದುಸಿರು ಬಿಡಬೇಕು, ಇಲ್ಲದಿದ್ರೆ ಅದು ವ್ಯಾಯಾಮವೇ ಅಲ್ಲ ಅಂತ ಬಹಳ ಜನ ನಂಬಿದ್ದಾರೆ. ಈ ನಂಬಿಕೆಯನ್ನು ಅಲ್ಲಾಡಿಸಿದವನು ವಿಜ್ಞಾನಿಯಲ್ಲ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಶೂ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಆರ್ಥರ್ ಲಿಡಿಯಾರ್ಡ್ (1917-2004).

1940ರ ದಶಕದ ಮಾತು. ರಗ್ಬಿ ಆಡುತ್ತಿದ್ದ ಲಿಡಿಯಾರ್ಡ್ ತಾನು ಗಟ್ಟಿಮುಟ್ಟಾಗಿದ್ದೇನೆ ಅಂದುಕೊಂಡಿದ್ದ. ಪಳಗಿದ ಓಟಗಾರನೊಬ್ಬನ ಜೊತೆ ಐದು ಮೈಲಿ ಓಡುವಷ್ಟರಲ್ಲಿ ಹೈರಾಣಾದ. ಈಗಲೇ ಹೀಗಾದ್ರೆ ಇನ್ನಿಪ್ಪತ್ತು ವರ್ಷಕ್ಕೆ ಗತಿಯೇನು? ಅಲ್ಲಿಂದ ತನ್ನ ಮೈಯನ್ನೇ ಪ್ರಯೋಗಶಾಲೆ ಮಾಡಿಕೊಂಡ. ವರ್ಷಗಟ್ಟಲೆ ಹೆಚ್ಚು-ಕಡಿಮೆ ಓಡಿ ನೋಡಿ, ಒಂದು ಕ್ರಮ ಕಂಡುಕೊಂಡ.

ಮೊದಲು ಹಲವು ವಾರ ದೂರದ, ಹದವಾದ ಓಟ. ಇದೇ ಅಡಿಪಾಯ. ಆಮೇಲೆ ಗುಡ್ಡ ಹತ್ತುವ ಓಟ. ವೇಗದ ಅಭ್ಯಾಸ ಅದರ ನಂತರ. ಸ್ಪರ್ಧೆ ಹತ್ತಿರ ಬಂದಾಗ ದೂರ ಇಳಿಸಿ, ಮೈಗೆ ವಿಶ್ರಾಂತಿ. ಅಡಿಪಾಯದ ದಿನಗಳಲ್ಲಿ ಅವನ ಶಿಷ್ಯರು ವಾರಕ್ಕೆ 100 ಮೈಲಿ, ಅಂದ್ರೆ 160 ಕಿ.ಮೀ. ಓಡುತ್ತಿದ್ದರು. ಬರೀ 800 ಮೀಟರ್ ಓಟಗಾರನಾದ ಪೀಟರ್ ಸ್ನೆಲ್ ಕೂಡ ಗುಡ್ಡಗಾಡಿನಲ್ಲಿ 22 ಮೈಲಿ ಓಡಬೇಕಿತ್ತು!

1960ರ ರೋಮ್ ಒಲಿಂಪಿಕ್ಸಿನಲ್ಲಿ ಒಂದೇ ದಿನ ಸ್ನೆಲ್‌ಗೆ 800 ಮೀಟರಿನಲ್ಲೂ, ಎಡಗೈ ಊನವಾಗಿದ್ದ ಮರ್ರೆ ಹಾಲ್ಬರ್ಗ್‌ಗೆ 5000 ಮೀಟರಿನಲ್ಲೂ ಚಿನ್ನ ಬಂತು. ಬ್ಯಾರಿ ಮಗೀಗೆ ಮ್ಯಾರಥಾನಿನಲ್ಲಿ ಕಂಚು.

ಆದರೆ ನನಗೆ ಇದಕ್ಕಿಂತ ದೊಡ್ಡದು ಅನ್ನಿಸೋದು ಮುಂದಿನ ಕಥೆ. ಹೃದ್ರೋಗಿಗಳಿಗೆ ವಿಶ್ರಾಂತಿಯೇ ಮದ್ದು ಅನ್ನುತ್ತಿದ್ದ ಕಾಲದಲ್ಲಿ, ಲಿಡಿಯಾರ್ಡ್ ಅಂಥವರನ್ನೂ ಬೊಜ್ಜು ಬಂದ ನಡುವಯಸ್ಕರನ್ನೂ ಮೆಲ್ಲಗೆ ಓಡಿಸತೊಡಗಿದ. 1962ರ ಹೊತ್ತಿಗೆ ಆಕ್ಲೆಂಡಿನಲ್ಲಿ ಜಾಗಿಂಗ್ ಕ್ಲಬ್ಬೇ ಹುಟ್ಟಿತ್ತು. ಆ ವರ್ಷದ ಕೊನೆಗೆ ಅಲ್ಲಿಗೆ ಬಂದ ಅಮೆರಿಕದ ಕೋಚ್ ಬಿಲ್ ಬೋವರ್‌ಮನ್, ತನಗಿಂತ ಎಷ್ಟೋ ಹಿರಿಯರ ಜೊತೆ ಓಡಲಾಗದೆ ಹಿಂದೆ ಬಿದ್ದ. ಊರಿಗೆ ಮರಳಿ ಆರಿಗಾನಿನಲ್ಲಿ ಜಾಗಿಂಗ್ ತರಗತಿ ಶುರು ಮಾಡಿದ. ಹೃದಯತಜ್ಞ ಹ್ಯಾರಿಸ್ ಜೊತೆ 1967ರಲ್ಲಿ 'ಜಾಗಿಂಗ್' ಪುಸ್ತಕ ತಂದ. ಈತನೇ ಮುಂದೆ ನೈಕಿಯಾದ ಕಂಪನಿಯ ಸಹ-ಸ್ಥಾಪಕ.

ನಿತ್ಯದ ಓಟಗಾರರಾದ ನಮಗೆ 160 ಕಿ.ಮೀ. ಬೇಡ, ಆ ಕ್ರಮ ಸಾಕು. ಪಕ್ಕದವರ ಜೊತೆ ಮಾತಾಡುತ್ತಾ ಓಡುವಷ್ಟು ವೇಗ ಇರಲಿ, ದೂರ ನಿಧಾನವಾಗಿ ಏರಲಿ, ಕಷ್ಟದ ದಿನದ ಮರುದಿನ ಹಗುರವಾಗಿರಲಿ. ಹೃದಯದ ತೊಂದರೆ ಇರುವವರು ಮೊದಲು ಡಾಕ್ಟರನ್ನು ಕೇಳಿ.

ಅಡಿಪಾಯ ಹಾಕದೆ ಮಹಡಿ ಕಟ್ಟುವವರು ನಾವಲ್ಲ, ಅಲ್ವಾ? ಓಟದಲ್ಲಿ ಮಾತ್ರ ಯಾಕೆ ಅವಸರ?