ಹೊಡೆದಾಟದ ವಿಡಿಯೋ ಗೇಮ್‌ಗಳ ಮರುಹುಟ್ಟು

ಹೊಡೆದಾಟದ ಗೇಮ್ ಎಂದರೆ ಇಬ್ಬರು ಎದುರುಬದುರು ಸೆಣಸುವ ಆಟಪ್ರಕಾರ. 1991ರ 'ಸ್ಟ್ರೀಟ್ ಫೈಟರ್ 2' ಇದಕ್ಕೆ ರೂಪ ಕೊಟ್ಟಿತು. ವಿಡಿಯೋ ಗೇಮ್ ಪಾರ್ಲರ್‌ಗಳು ಮುಚ್ಚಿದಂತೆ ಈ ಪ್ರಕಾರ ಸೊರಗಿ, 2008ರ 'ಸ್ಟ್ರೀಟ್ ಫೈಟರ್ 4'ರಿಂದ ಚೇತರಿಸಿತು. ಈಗಿನದು ನಿಜವಾದ ಮರುಹುಟ್ಟೇ: ಅಮೆರಿಕದ ಇವೋ ಪಂದ್ಯಾವಳಿಯಲ್ಲಿ 2023ರಲ್ಲಿ 'ಸ್ಟ್ರೀಟ್ ಫೈಟರ್ 6' ಒಂದಕ್ಕೇ 7,000ಕ್ಕೂ ಹೆಚ್ಚು ಸ್ಪರ್ಧಿಗಳಿದ್ದರು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಮಯಾಂಕ್ ಪ್ರಜಾಪತಿ, ಅಯಾನ್ ಬಿಸ್ವಾಸ್ ಭಾರತದ ಪರ 'ಸ್ಟ್ರೀಟ್ ಫೈಟರ್ 5' ಆಡಿದರು.

ಈ ಮರುಹುಟ್ಟಿಗೆ ಮುಖ್ಯ ಕಾರಣಗಳಲ್ಲೊಂದು ರೋಲ್‌ಬ್ಯಾಕ್ ತಂತ್ರ. ಅಂತರ್ಜಾಲದಲ್ಲಿ ಆಡುವಾಗ ವಿಳಂಬ ಕಾಡದಂತೆ, ದೂರದ ಎದುರಾಳಿಯ ಮುಂದಿನ ನಡೆಯನ್ನು ಯಂತ್ರ ಮೊದಲೇ ಊಹಿಸಿ ತೋರಿಸುತ್ತದೆ. ಊಹೆ ತಪ್ಪಿದರೆ ಆಟವನ್ನು ಕ್ಷಣಾರ್ಧ ಹಿಂದಕ್ಕೊಯ್ದು ತಿದ್ದುತ್ತದೆ. ಬೆಂಗಳೂರಿನಿಂದ ಸುಮಾರು 700 ಕಿ.ಮೀ. ದೂರದ ಬೀದರ್, ಅದರಾಚೆಗಿನ ಭಾಲ್ಕಿ, ಔರಾದ್‌ಗಳಂಥ ಊರುಗಳ ಹುಡುಗರಿಗೆ ಇದು ದೊಡ್ಡ ವರ. ಆದರೆ ಇಂಥ ಗೇಮ್ ಆಡುವ ಯಂತ್ರವಾದ ಕನ್ಸೋಲ್ ಇನ್ನೂ ದುಬಾರಿ. ಮೊಬೈಲಿನ 'ಶ್ಯಾಡೋ ಫೈಟ್' ಸರಣಿಗೆ ಆ ಖರ್ಚಿಲ್ಲ.