ಕಬ್ಬನ್ (ಕುಲನಾಮ)

ಬ್ರಿಟಿಷ್ ದ್ವೀಪಗಳ ವಿರಳ ಕುಲನಾಮಗಳಲ್ಲೊಂದು. ಇದನ್ನು ಇಂಗ್ಲಿಷ್ ಹೆಸರೆಂದು ಭಾವಿಸುವುದು ವಾಡಿಕೆಯಾದರೂ ಇದರ ತವರು ಇಂಗ್ಲೆಂಡ್ ಅಲ್ಲ. ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಕಡಲಲ್ಲಿರುವ ಐಲ್ ಆಫ್ ಮ್ಯಾನ್ ದ್ವೀಪ.

ಈ ದ್ವೀಪದ ಮ್ಯಾಂಕ್ಸ್ ಭಾಷೆ ಗೇಲಿಕ್ ಕುಟುಂಬದ್ದು. ಅದರಲ್ಲಿ 'ಮ್ಯಾಕ್' ಎಂದರೆ ಮಗ. ಗಿಲ್ಬರ್ಟ್ ಎಂಬ ಹೆಸರಿನ ಮುದ್ದಿನ ರೂಪ ಗಿಬ್ಬನ್. ಗಿಬ್ಬನ್ನನ ಮಗ 'ಮ್ಯಾಕ್ ಗಿಬ್ಬನ್'. ಕಾಲಕ್ರಮದಲ್ಲಿ 'ಮ್ಯಾ' ಬಿದ್ದುಹೋಗಿ, ಉಳಿದ ಕಕಾರ ಮುಂದಿನ ಹೆಸರಿಗೆ ಅಂಟಿಕೊಂಡು 'ಕಬ್ಬನ್' ಆಯಿತು. ದ್ವೀಪದ ಕ್ವೇಲ್, ಕರ್ಮೋಡ್ ಮನೆತನಗಳ ಹೆಸರುಗಳೂ ಹೀಗೆಯೇ ರೂಪುಗೊಂಡವು. ಆದ್ದರಿಂದ ಕಕಾರದಿಂದ ಆರಂಭವಾಗುವ ಕುಲನಾಮಗಳು ಅಲ್ಲಿ ಹೇರಳ.  'ಕಬ್ಬಿನ್' ಎಂಬುದು 'ಕಬ್ಬನ್' ಹೆಸರಿನ ಸಮೀಪದ ರೂಪ.

ದ್ವೀಪದಿಂದ ವಲಸೆ ಹೋದವರೊಡನೆ ಹೆಸರು ಇಂಗ್ಲೆಂಡಿಗೂ ದಾಟಿತು; ಎದುರು ದಡದ ಲಿವರ್‌ಪೂಲ್ ಮ್ಯಾಂಕ್ಸ್ ಜನರ ಮುಖ್ಯ ನೆಲೆಗಳಲ್ಲೊಂದು.

ಈ ಹೆಸರಿನವರಲ್ಲಿ ಮ್ಯಾಂಕ್ಸ್ ವಸ್ತುಸಂಗ್ರಹಾಲಯದ ನಿರ್ದೇಶಕರಾಗಿದ್ದ ವಿಲಿಯಂ ಕಬ್ಬನ್ ಗಣ್ಯರು. ಕನ್ನಡಿಗರಿಗೆ ಚಿರಪರಿಚಿತರು ಸರ್ ಮಾರ್ಕ್ ಕಬ್ಬನ್. ದ್ವೀಪದ ಮಾಗೋಲ್ಡ್‌ನಲ್ಲಿ ಹುಟ್ಟಿದ ಅವರು 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದರು. ಊರಿಗೆ ಮರಳುವ ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು. ಸಮಾಧಿ ಇರುವುದು ಮಾಗೋಲ್ಡ್‌ನಲ್ಲಿ. ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಬಂದಿರುವುದು ಇವರ ಹೆಸರೇ. 1870ರಲ್ಲಿ ರೂಪುಗೊಂಡ ಈ ಉದ್ಯಾನಕ್ಕೆ 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ಮರುನಾಮಕರಣವಾದರೂ ಬಳಕೆಯಲ್ಲಿ ನಿಂತಿರುವುದು ಹಳೆಯ ಹೆಸರೇ.