ಒಂದೇ ಖಾಕಿ, ಮೂರು ಲೆಕ್ಕ: ದಂಡುಪಾಳ್ಯದ ನಟರ ಬಗ್ಗೆ

ಭಾಗ 1

ದೋಸ್ತ್‌ರೇ, ಹೋದ ಸಲ ಸನ್ನತಿ ಬಗ್ಗೆ ಬರೆದಾಗ "ಸಾಕು ಮಾರಾಯ ಕಲ್ಲು-ಶಾಸನ, ಸಿನಿಮಾದ ಬಗ್ಗೆ ಬರಿ" ಅಂತ ಭಾಳ ಮಂದಿ ಮೆಸೇಜ್ ಹಾಕಿದ್ರಿ. ಬರದೀನಿ. ಆದ್ರ ಇದು ರಿವ್ಯೂ ಅಲ್ಲ, ಇದೂ ಇತಿಹಾಸಾನೇ. ಉದ್ದ ಅದ. ಚಾಯ್ ತಗೊಂಡು ಕೂಡ್ರಿ.

ಮೊದಲು ಯಾಕ ಬರೀಲಿಕ್ಕತ್ತೀನಿ ಹೇಳ್ತೀನಿ. ಹೋದ ಬೇಸಿಗಿ ರಜಾದಾಗ ಬೆಂಗಳೂರಿಗೆ ಅಣ್ಣನ ರೂಮಿಗೆ ಹೋಗಿದ್ದೆ. ಅವನ ಗೆಳೆಯ ಒಬ್ಬ ಯಾವೂರು ಅಂದ. ಅಫಜಲಪುರ ಅಂದೆ, ಗೊತ್ತಾಗ್ಲಿಲ್ಲ. ಭೀಮಾ ನದಿ ದಂಡಿ ಅಂದೆ. ತಕ್ಷಣ ಮುಖ ಅರಳಿತು: "ಓ, ಭೀಮಾ ತೀರದ ಹಂತಕರು! ನಿಮ್ಮನೇಲೂ ಗನ್ ಇದ್ಯಾ?" ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೇ ಇದ್ರ ಇನ್ನೂ ಖರೇ ಅನ್ನಿಸ್ತದಲ್ಲ.

ಅದೇ ರಾತ್ರಿ ಲ್ಯಾಪ್‌ಟಾಪ್‌ನಲ್ಲಿ ಎಲ್ಲರೂ ಸೇರಿ 'ದಂಡುಪಾಳ್ಯ' ನೋಡಿದ್ವಿ. ಅರ್ಧ ಸಿನಿಮಾ ಆಗುವಷ್ಟರಲ್ಲಿ ನನ್ನ ಬಾಯಿಂದಾನೇ ಬಂತು: "ಅಬ್ಬಾ, ಎಂಥಾ ಊರು ಇರಬೇಕಿದು!" ಅಣ್ಣ ನನ್ನ ಮುಖ ನೋಡಿದ. ಏನೂ ಅನ್ನಲಿಲ್ಲ.

ಭಾಗ 2

ದಂಡುಪಾಳ್ಯ ಅನ್ನೋದು ಬೆಂಗಳೂರಿನ ಪಕ್ಕ, ಹೊಸಕೋಟೆ ಕಡೆಯ ಒಂದು ಹಳ್ಳಿ. 1990ರ ದಶಕದ ಕೊನೆಗೆ ಒಂಟಿ ಮನೆಗಳಿಗೆ ನುಗ್ಗಿ ಕೊಲೆ-ದರೋಡೆ ಮಾಡಿದ ಒಂದು ಗ್ಯಾಂಗಿಗೆ ಈ ಊರಿನ ಹೆಸರೇ ಅಂಟಿತು. ಬೆಂಗಳೂರಿನ ವಿಶೇಷ ಕೋರ್ಟು ಗಲ್ಲು ಶಿಕ್ಷೆ ಕೊಟ್ಟಿತ್ತು, ಮುಂದ ಹೈಕೋರ್ಟಿನಲ್ಲಿ ಕೆಲವು ಕೇಸುಗಳಲ್ಲಿ ಗಲ್ಲು ತಪ್ಪಿತು. ಗ್ಯಾಂಗಿನಲ್ಲಿ ಇದ್ದವರು ಬೆರಳೆಣಿಕೆ ಮಂದಿ. ಹೆಸರು ಹೊತ್ತದ್ದು ಮಾತ್ರ ಇಡೀ ಊರು.

2012ರಲ್ಲಿ ಶ್ರೀನಿವಾಸ ರಾಜು ಇದನ್ನ ಸಿನಿಮಾ ಮಾಡಿದರು. ಅರ್ಜುನ್ ಜನ್ಯ ಸಂಗೀತ. 2017ರಲ್ಲಿ ಎರಡನೇದು, 2018ರಲ್ಲಿ ಮೂರನೇದು ಬಂತು. 2019ರ ನಾಲ್ಕನೇದು ಬೇರೆ ನಿರ್ದೇಶಕರದ್ದು, ಮುಖ್ಯ ನಟರೂ ಬೇರೆ. ಅದನ್ನ ಇಲ್ಲಿ ಬಿಡ್ತೀನಿ, ಬಿಟ್ಟರ ನಷ್ಟ ಇಲ್ಲ.

ಈಗ ಪೂಜಾ ಗಾಂಧಿ. 2006ರ ಕೊನೆಗೆ ಬಂದ 'ಮುಂಗಾರು ಮಳೆ' ಆದಮ್ಯಾಲ ಆಕಿಗೆ ಮಳೆ ಹುಡುಗಿ ಅಂತಾನೇ ಹೆಸರು. ಮೂಲ ಊರು ಉತ್ತರ ಪ್ರದೇಶದ ಮೇರಠ್. ಅಂಥಾ ಹೀರೋಯಿನ್ ಆರು ವರ್ಷದೊಳಗ ಎಣ್ಣಿ ಕಾಣದ ಕೂದಲು, ಮಾಸಿದ ಸೀರಿ, ಬಾಯಾಗ ಬೀಡಿ ಹಿಡಕೊಂಡು ಲಕ್ಷ್ಮಿಯಾಗಿ ಕೂತಳು. ಆಗ ಸುದ್ದಿಯಾಗಿದ್ದು ಲಾಕಪ್ ಸೀನಿನ ಬರಿ ಬೆನ್ನು. ಪೇಪರ್, ಟಿವಿ ಎಲ್ಲ ಕಡೆ ಅದೇ. ನನಗನ್ನಿಸೋದು, ಆ ಗದ್ದಲದಾಗ ನಟನೆ ಮುಚ್ಚಿಹೋಯ್ತು.

ಯಾಕಂದ್ರ ಹೆದರಿಕಿ ಇರೋದು ಆ ಸೀನಿನಾಗ ಅಲ್ಲ. ಮನಿ ಬಾಗಿಲಿಗೆ ಬಂದು ನೀರು ಕೇಳೋದ್ರಾಗ ಅದ. ನಮ್ಮ ಕಡೆ ಬಿಸಿಲಾಗ ಯಾರಾದ್ರೂ ಬಾಗಿಲಿಗೆ ಬಂದು ನೀರು ಅಂದ್ರ ಅವ್ವ ಜಾತಿ-ಊರು ಕೇಳಂಗಿಲ್ಲ, ತಂಬಗಿ ಕೊಡ್ತಾಳ. ಕೆಲವರ ಮನ್ಯಾಗ ಬೆಲ್ಲಾನೂ ಕೊಡ್ತಾರ. ಪೂಜಾ ಗಾಂಧಿ ಆ ದಣಿದ ಮುಖವನ್ನ ಖರೇ ದಣಿವಿನಂಗೇ ಮಾಡ್ಯಾಳ. ವಿಲನ್ ಅಂತ ಕಣ್ಣು ದೊಡ್ಡದು ಮಾಡಂಗಿಲ್ಲ. ಕಣ್ಣು ಮಾತ್ರ ಮನಿ ಒಳಗ ಯಾರ ಅದಾರ ಅಂತ ಎಣಸ್ತಿರ್ತದ. ನಾನು ಸಿನಿಮಾ ನೋಡಿ ಊರಿಗೆ ಬಂದಮ್ಯಾಲ ಒಂದು ವಾರ, ಯಾರರೆ ನೀರು ಕೇಳಿದ್ರ ಅವ್ವನ ಹಿಂದ ಹೋಗಿ ನಿಲ್ತಿದ್ದೆ. ಒಬ್ಬ ನಟಿ ನಮ್ಮ ಮನಿ ಹೊಸ್ತಿಲ ಮ್ಯಾಲಿನ ನಂಬಿಕಿಗೇ ಕೈ ಹಾಕ್ಯಾಳ ಅಂದ್ರ ಅದು ಸಣ್ಣ ನಟನೆ ಅಲ್ಲ.

ಭಾಗ 3

ಗ್ಯಾಂಗಿನ ಕೃಷ್ಣನ ಪಾತ್ರ ಮಕರಂದ ದೇಶಪಾಂಡೆ ಅವರದ್ದು. ಮುಂಬೈ ರಂಗಭೂಮಿ ಮನುಷ್ಯ, ಪೃಥ್ವಿ ಥಿಯೇಟರಿನ ಹಳೇ ಕೈ. 'ಸ್ವದೇಸ್'ನಾಗ ಶಾರುಖ್ ಜೋಡಿ ಗಾಡಿಯಾಗ ಹಾಡ್ಕೋತ ಬರೋ ಫಕೀರ ಇವರೇ. ಅದೇ ಉದ್ದ ಕೂದಲು, ಅದೇ ಮುಖ. ಅಲ್ಲಿ ಸಂತ ಅನ್ನಿಸ್ತದ, ಇಲ್ಲಿ ಯಮ. ಎರಡೂ ಬೆನ್ನಿಗೆ ಬೆನ್ನು ನೋಡ್ರಿ, ಮಜಾ ಬರ್ತದ. ರವಿ ಕಾಳೆ ಬಗ್ಗೆ ಉದ್ದ ಬರಿಯಂಗಿಲ್ಲ. ಮಾತು ಕಮ್ಮಿ, ಮೈ ಪೂರಾ ಕೆಲಸ ಮಾಡ್ತದ.

ಭಾಗ 4

ಖರೇ ಕಥಿ ಇರೋದು ಪಿ. ರವಿಶಂಕರ್ ಹತ್ರ. ಸಾಯಿಕುಮಾರ್ ಅವರ ತಮ್ಮ. ಅಪ್ಪ ಪಿ.ಜೆ. ಶರ್ಮಾ ಅವರೂ ನಟ, ಡಬ್ಬಿಂಗ್ ಕಲಾವಿದ. ಮನಿತನಾನೇ ಧ್ವನಿದು. ತೆಲುಗಿನ 'ಅರುಂಧತಿ'ಯಲ್ಲಿ ಸೋನು ಸೂದ್‌ಗೆ ಇವರದೇ ದನಿ. 2011ರಲ್ಲಿ 'ಕೆಂಪೇಗೌಡ'ದ ಆರ್ಮುಗಂ ಆಗಿ ಇಡೀ ಕರ್ನಾಟಕ ಇವರ ಡೈಲಾಗ್ ಹೇಳ್ಕೋತ ತಿರುಗಾಡಿತು. ಮರುವರ್ಷವೇ ದಂಡುಪಾಳ್ಯದಲ್ಲಿ ಖಾಕಿ ಹಾಕ್ಕೊಂಡು ಇನ್ಸ್‌ಪೆಕ್ಟರ್ ಚಲಪತಿ. ಖರೇ ಕೇಸಿನಲ್ಲಿ ಗ್ಯಾಂಗು ಹಿಡಿದ ಪೊಲೀಸ್ ಅಧಿಕಾರಿ ಹೆಸರೂ ಚಲಪತಿ.

ಮೊದಲನೇ ಸಿನಿಮಾದಲ್ಲಿ ಚಲಪತಿ ಹೊಡೆದಾಗ ನಾವು ಸೀಟಿ ಹೊಡೀತೀವಿ. ಇನ್ನೂ ಎರಡು ಹಾಕು ಅನ್ನಿಸ್ತದ. ಎರಡನೇದರಲ್ಲಿ ಶೃತಿ ಮಾಡಿದ ಪತ್ರಕರ್ತೆ ಬರ್ತಾಳ, ಇವರು ನಿಜವಾಗಿಯೂ ತಪ್ಪು ಮಾಡ್ಯಾರಾ, ಹೊಡೆದು ಒಪ್ಪಿಸ್ಯಾರಾ ಅಂತ ಕೇಳ್ತಾಳ. ಈಗ ಅದೇ ಖಾಕಿ, ಅದೇ ದನಿ, ಅದೇ ಲಾಠಿ ನೋಡಿದ್ರ ಹೊಟ್ಟಿ ತೊಳಸ್ತದ. ಮೂರನೇದರಲ್ಲಿ ಕಥಿ ಮತ್ತ ಪೊಲೀಸರ ಕಡೆ ತಿರುಗ್ತದ.

ಪಿಯುಸಿ ಫಸ್ಟ್ ಇಯರ್ ಅಕೌಂಟೆನ್ಸಿ ನೆನಪು ಮಾಡ್ಕೋರಿ. ವ್ಯವಹಾರ ಒಂದೇ. ಕ್ಯಾಶ್‌ಬುಕ್‌ನಲ್ಲಿ ಒಂದು ಕಡೆ ಬರೀತೀವಿ, ಬ್ಯಾಂಕಿನ ಪಾಸ್‌ಬುಕ್‌ನಲ್ಲಿ ಅದು ಇನ್ನೊಂದು ಕಡೆ ಇರ್ತದ. ಎರಡೂ ತಾಳೆ ಆಗಲಿಲ್ಲಂದ್ರ ರೀಕನ್ಸಿಲಿಯೇಷನ್ ಸ್ಟೇಟ್‌ಮೆಂಟ್ ಮಾಡಬೇಕು. (ನನಗ ಅದು ಇವತ್ತಿಗೂ ಸರಿ ಬರಂಗಿಲ್ಲ, ಅದು ಬೇರೆ ಮಾತು.) ಮೊದಲನೇ ಸಿನಿಮಾ ಪೊಲೀಸರ ಕ್ಯಾಶ್‌ಬುಕ್. ಎರಡನೇದು ಗ್ಯಾಂಗಿನ ಪಾಸ್‌ಬುಕ್. ಮೂರನೇದು ತಾಳೆ ಮಾಡ್ಲಿಕ್ಕೆ ಹೋಗ್ತದ, ನನ್ನ ಪ್ರಕಾರ ಅವಸರದಾಗ ಬ್ಯಾಲೆನ್ಸ್ ಕೂಡಿಸ್ತದ. ಮೂರೂ ಕಡೆ ರವಿಶಂಕರ್ ತಮ್ಮ ಎಂಟ್ರಿ ಬದಲಿಸಿಲ್ಲ. ಎರಡನೇದರಲ್ಲಿ ತಾನು ವಿಲನ್ ಅಂತ ಗೊತ್ತಿದ್ದವನಂಗ ಮಾಡಂಗಿಲ್ಲ, ತಾನೇ ಸರಿ ಅಂತ ನಂಬಿದವನಂಗೇ ಹೊಡೀತಾನ. ಅದಕ್ಕೇ ಅಷ್ಟು ಹೆದರಿಕಿ. ಸಿನಿಮಾಗಳು ಹೆಚ್ಚು-ಕಮ್ಮಿ ಆದರೂ ಈ ಮೂರಕ್ಕೂ ಬೆನ್ನೆಲುಬು ಅಂದ್ರ ಈ ಮನುಷ್ಯಾನೇ.

ಗದ್ದಲದ ನಟನೆ, ಓವರ್ ಆಕ್ಟಿಂಗ್ ಅಂತ ನಮ್ಮ ಕ್ಲಾಸಿನಾಗ ಒಬ್ಬ ಅಂದ. ಇರಬಹುದು. ಆದ್ರ ನಾವು ಜೇವರ್ಗಿ ರಾಜಣ್ಣನವರ 'ಕುಂಟ ಕೋಣ ಮೂಕ ಜಾಣ'ದಂಥ ಕಂಪನಿ ನಾಟಕ ನೋಡಿ ಬೆಳೆದ ಸೀಮಿಯವರು. ಜಾತ್ರಿ ಟೆಂಟಿನಾಗ ಕಡೀ ಸಾಲಿನ ಅಜ್ಜನಿಗೂ ಕೇಳೋ ಹಂಗ ಮಾತಾಡೋದು ಕಲೆ, ತಪ್ಪಲ್ಲ. ಜೋರು ಇದ್ದೂ ಸುಳ್ಳು ಅನ್ನಿಸಬಾರದು, ಅಷ್ಟೇ.

ಭಾಗ 5

ಈಗ ನಮ್ಮ ದಂಡಿಗೆ ಬರೋಣ. ಅದೇ 2012ರಲ್ಲಿ, ದಂಡುಪಾಳ್ಯಕ್ಕಿಂತ ಸ್ವಲ್ಪ ಮೊದಲು, ಓಂ ಪ್ರಕಾಶ್ ರಾವ್ ಅವರ 'ಭೀಮಾ ತೀರದಲ್ಲಿ' ಬಂತು. ಪೊಲೀಸ್ ಎನ್‌ಕೌಂಟರ್‌ನಲ್ಲಿ ಸತ್ತ ಚಂದಪ್ಪ ಹರಿಜನನ ಕಥಿ, ಮಾಡಿದ್ದು ದುನಿಯಾ ವಿಜಯ್. ರವಿ ಬೆಳಗೆರೆ 'ಭೀಮಾ ತೀರದ ಹಂತಕರು' ಅಂತ ಮೊದಲೇ ಪುಸ್ತಕ ಬರೆದಿದ್ದರು, ಸಿನಿಮಾ ಬಂದಾಗ ಕಥಿ ಯಾರದು ಅಂತ ದೊಡ್ಡ ಜಗಳಾನೇ ಆಯ್ತು. ಇಬ್ಬರೂ ಕಥಿ ತಮ್ಮದು ಅಂದ್ರು. ಹೆಸರು ಮಾತ್ರ ನಮಗ ಉಳೀತು.

ವಿಜಯ್ ಮೈಯಿಂದ ನಟಿಸೋ ಮನುಷ್ಯ. 'ದುನಿಯಾ'ದಾಗೂ, 'ಸ್ಲಂ ಬಾಲ'ದಾಗೂ ಹಸಿವಿ ಅವರ ಭುಜದಾಗ ಕಾಣ್ತದ. ಇಲ್ಲೂ ಸಿಟ್ಟು ಖರೇ ಅನ್ನಿಸ್ತದ. ಮಾತು ಮಾತ್ರ ಒಮ್ಮೊಮ್ಮೆ ನಮ್ಮದಲ್ಲ. ನಮ್ಮ ಭಾಷಾ ಅಂದ್ರ "ಲೇ", "ಮಗನ" ಸೇರಿಸಿದ್ರ ಆಗ್ತದ ಅಂತ ಸಿನಿಮಾದವರು ತಿಳಕೊಂಡಾರ. ನಮ್ಮ ಮಂದಿ ಸಿಟ್ಟಿನಾಗೂ "ರಿ" ಹಚ್ಚಿ ಮಾತಾಡ್ತಾರ, ಅದು ಯಾವ ನಟರಿಗೂ ಇನ್ನೂ ಸಿಕ್ಕಿಲ್ಲ.

ಕೊನೇ ಫೋಟೋ ನಾನೇ ತೆಗದದ್ದು, ಗಾಣಗಾಪುರ ಸಂಗಮ. ಆಳಂದ ಕಡೆಯಿಂದ ಬರೋ ಅಮರ್ಜಾ ಇಲ್ಲಿ ಭೀಮಾಕ್ಕೆ ಕೂಡ್ತದ. ಇದೇ ನೀರು ಮುಂದ ಜೇವರ್ಗಿ ರೋಡಿನ ಕಟ್ಟಿಸಂಗಾವಿ ಬ್ರಿಜ್ಜಿನ ಕೆಳಗ ಹರಿದು, ಅಶೋಕನ ಹೆಸರು ಕೆತ್ತಿದ ಅಶೋಕನ ಶಿಲ್ಪ ಸಿಕ್ಕ ಸನ್ನತಿ-ಕನಗನಹಳ್ಳಿ ದಂಡಿಗೆ ಹೋಗ್ತದ. ಫೋಟೋದಾಗ ಇರೋರು ಹಂತಕರಲ್ಲ, ಜಳಕಕ್ಕೆ ಬಂದವರು. ಎಡಕ್ಕೆ ಕೊಡ ಹಿಡಕೊಂಡಾಕಿ ನಮ್ಮ ಅತ್ತಿ.

ಅಣ್ಣನ ಗೆಳೆಯನಿಗೆ ಐದೂ ಭಾಗ ಕಳಿಸೀನಿ. ಬ್ಲೂ ಟಿಕ್ ಬಂದದ. ಹೊಸಕೋಟೆ ಕಡೆಯವರು ಯಾರಾದ್ರೂ ಇದನ್ನ ಓದ್ಲಿಕ್ಕತ್ತಿದ್ರ ಕಮೆಂಟ್ ಹಾಕ್ರಿ, ನಿಮ್ಮ ಊರಿನ ಒಂದು ಫೋಟೋ ಮುಂದಿನ ಪೋಸ್ಟಿಗೆ ಬೇಕು.